ಬಾಳೆಗೆ ಮನೆಯವರ ಮೂತ್ರ: ಹಾಕಿ ನೋಡಿದವರು ಹೇಳಿ

ಹಿತ್ತಲಲ್ಲಿ ಮೂವತ್ತು ಬಾಳೆ ಇವೆ, ಮನೆಯಲ್ಲಿ ಐದು ಜನ ಇದ್ದೇವೆ. ಯೂರಿಯಾ ಬದಲು ನಮ್ಮ ಮೂತ್ರವನ್ನೇ ಹಾಕಬಹುದೇ? ಸೊಪ್ಪಿನ ಮಡಿಗೂ ಆದೀತೇ? ಅತ್ತೆಗೆ ಇದು ಸುತರಾಂ ಇಷ್ಟವಿಲ್ಲ.

ದೊಡ್ಡಬಳ್ಳಾಪುರದಿಂದ
ಧಾರಾಳವಾಗಿ ಹಾಕಿ ಅಕ್ಕಾ. ನಾನು ಮೊದಲ ವರ್ಷ ಬಾಯಿ ತೆರೆದ ಬಕೆಟ್‌ನಲ್ಲಿ ವಾರಗಟ್ಟಲೆ ಇಟ್ಟು ಕೆಡಿಸಿದೆ. ಮೂಗಿಗೆ ರಾಚುತ್ತಿದ್ದ ಆ ಘಾಟೇ ಗೊಬ್ಬರವೆಂದು ಆಗ ತಿಳಿದಿರಲಿಲ್ಲ. ಮೂತ್ರದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತಿತ್ತು. ಈಗ 20 ಲೀಟರಿನ ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ಬಿಗಿಯಾಗಿ ಮುಚ್ಚಿಡುತ್ತೇನೆ. ತಗಡಿನ ಡಬ್ಬ ತುಕ್ಕು ಹಿಡಿಯುತ್ತದೆ. ಒಂದು ಪಾಲಿಗೆ ಐದು ಪಾಲು ನೀರು ಬೆರೆಸಿ, ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ಸಾಲು ತೋಡಿ, ಸಂಜೆ ಹೊಯ್ದು ಕೂಡಲೇ ಮಣ್ಣು ಮುಚ್ಚಿ. ನೀರು ಬೆರೆಸದೆ ಎಳೆ ಕಂದಿನ ಬುಡಕ್ಕೆ ಹೊಯ್ದಿದ್ದೆ, ಎಲೆಯ ಅಂಚು ಸುಟ್ಟಿತು.

ಬಾಳೆ ಪೊಟ್ಯಾಷ್ ಬಹಳ ಬೇಡುತ್ತದೆ, ಮೂತ್ರದಲ್ಲಿ ಅಷ್ಟಿಲ್ಲ. ಒಲೆಯ ಬೂದಿ ಹಾಕಿ, ಆದರೆ ಕ್ಯಾನಿಗೆ ಬೆರೆಸಬೇಡಿ. ಬೂದಿಯ ಕ್ಷಾರಕ್ಕೆ ಅಮೋನಿಯಾ ಮತ್ತೆ ಹಾರುತ್ತದೆ. ಎರಡಕ್ಕೂ ನಡುವೆ ಒಂದು ವಾರ ಬಿಡಿ.

ಲೆಕ್ಕವನ್ನೂ ಹೇಳುತ್ತೇನೆ. ಲೀಟರಿಗೆ ಸುಮಾರು 5 ಗ್ರಾಂ ಸಾರಜನಕ, ಊಟದಂತೆ ಹೆಚ್ಚುಕಡಿಮೆ. ಐದು ಜನರದ್ದನ್ನು ವರ್ಷವಿಡೀ ಬಿಡದೆ ಹಿಡಿದರೂ ಅರ್ಧ ಚೀಲ ಯೂರಿಯಾಗೆ ಸಮ. ಹಿತ್ತಲಿಗೆ ಅದು ಸಾಕು, ಎಕರೆಗಟ್ಟಲೆ ಹೊಲಕ್ಕೆ ಸಾಲದು.

ಮಂಡ್ಯದಿಂದ
ಮಣ್ಣು ಹೇಗಿದೆ ನೋಡಿಕೊಳ್ಳಿ. ಮೂತ್ರದಲ್ಲಿ ಉಪ್ಪಿದೆ, ಬಿಳಿ ಪೊರೆ ಕಟ್ಟುವ ಚೌಳು ನೆಲಕ್ಕೆ ಹಾಕಲೇಬೇಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಮುಸುಕಿನ ಜೋಳಕ್ಕೆ ಮೂತ್ರ ಹಾಕಿ ಪ್ರಯೋಗ ಮಾಡಿದಾಗ, ಆ ಉಪ್ಪಿನ ಕಾಟ ತಗ್ಗಲೆಂದು ಮಣ್ಣಿಗೆ ಹಾಕುವ ಜಿಪ್ಸಮ್ ಪುಡಿಯನ್ನೂ ಕೊಟ್ಟಿದ್ದರು.

ಶಿರಸಿಯಿಂದ
ಸೊಪ್ಪಿಗೆ ಬೇಡ ತಂಗಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯ ಪ್ರಕಾರ, ಮನೆಯವರದ್ದನ್ನು ಮನೆಯ ಬೆಳೆಗೇ ಹಾಕುವುದಾದರೆ ಕೂಡಿಡಬೇಕಿಲ್ಲ, ಆದರೆ ಹಾಕಿದ ಮೇಲೆ ಕೊಯ್ಲಿಗೆ ಒಂದು ತಿಂಗಳ ಅಂತರ ಇರಬೇಕು. ಇಪ್ಪತ್ತೈದು ದಿನಕ್ಕೆ ಕೀಳುವ ಸೊಪ್ಪಿಗೆ ಆ ಅಂತರ ಎಲ್ಲಿಂದ ಬರಬೇಕು? ಮಲ ಸೋಂಕದಂತೆ ಜೋಪಾನ. ರೋಗ ಬರುವುದು ಬಹುಪಾಲು ಅದರಿಂದಲೇ.

ಅತ್ತೆಯವರೊಡನೆ ವಾದಕ್ಕಿಳಿಯಬೇಡಿ. ಕೊಟ್ಟಿಗೆಯ ಗಂಜಲವನ್ನು ತೋಟಕ್ಕೆ ಬಿಡುವವರೇ ಆದರೂ ಇದು ಅವರಿಗೆ ಮೈಲಿಗೆ ಅನ್ನಿಸುವುದು ಸಹಜ. ಒಂದು ಸಾಲನ್ನು ಅವರಿಗೇ ಬಿಟ್ಟು ಅಲ್ಲಿಗೆ ಹಟ್ಟಿಗೊಬ್ಬರ ಮಾತ್ರ ಹಾಕಿ. ದೇವರ ಗೊನೆ ಆ ಸಾಲಿನಿಂದ ಬರಲಿ.