ಅಪ್‌ಡೇಟ್: ಏರ್ ಪ್ಯೂರಿಫೈಯರ್ ಫ್ಯಾನ್ ಗಲಾಟೆ ನಿಂತಿತು

ನಮ್ಮ ಮನೆಯ ಏರ್ ಪ್ಯೂರಿಫೈಯರ್ ಆಟೋ ಮೋಡ್‌ನಲ್ಲಿಟ್ಟರೂ ರಾತ್ರಿಯಿಡೀ ಫುಲ್ ಸ್ಪೀಡ್‌ನಲ್ಲೇ ಓಡುತ್ತದೆ, ಗಾಳಿ ಕೆಟ್ಟಿದೆ ಎನ್ನುವ ಕೆಂಪು ಲೈಟ್ ಆರುವುದೇ ಇಲ್ಲ ಎಂದು ಕೇಳಿದ್ದೆನಲ್ಲ, ಈಗ ಸರಿಹೋಯಿತು. ಜಾಸ್ತಿ ಜನ ಹೊಸ ಹೆಪಾ ಫಿಲ್ಟರ್ (ಸಣ್ಣ ಧೂಳನ್ನೂ ಹಿಡಿಯುವ ಒಳಗಿನ ಫಿಲ್ಟರ್) ಹಾಕಿ ಎಂದಿದ್ದರು. ಹಾಕಿದೆ, ದುಡ್ಡು ಹೋಯಿತು, ಗಲಾಟೆ ಹೋಗಲಿಲ್ಲ. ಕೆಲಸಕ್ಕೆ ಬಂದಿದ್ದು ಗಾಳಿಯ ಧೂಳು ಅಳೆಯುವ ಸೆನ್ಸರ್ ಒರೆಸಿ ಎಂದವರ ಸಲಹೆ, ಅವರಿಗೆ ದೊಡ್ಡ ಥ್ಯಾಂಕ್ಸ್. ಪ್ಲಗ್ ತೆಗೆದು, ಪಕ್ಕದ ಪುಟ್ಟ ಮುಚ್ಚಳ ಬಿಚ್ಚಿ, ಒಳಗಿನ ಲೆನ್ಸನ್ನು ಒಣ ಇಯರ್ ಬಡ್‌ನಿಂದ ಮೆಲ್ಲಗೆ ಒರೆಸಿದೆ, ಅಷ್ಟೇ. ಧೂಳಿನ ಕಣಕ್ಕೆ ಬೆಳಕು ತಾಗಿ ಚದುರುವುದನ್ನು ನೋಡಿ ಸೆನ್ಸರ್ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳ ಪ್ರಮಾಣ) ಲೆಕ್ಕ ಹಾಕುತ್ತದಂತೆ. ಲೆನ್ಸ್ ಮೇಲೆಯೇ ಧೂಳು ಕೂತರೆ ಗಾಳಿ ಚೆನ್ನಾಗಿದ್ದರೂ ಕೆಟ್ಟಿದೆ ಅನ್ನುತ್ತದೆ, ಫ್ಯಾನ್ ಪಾಪ ಸುಮ್ನೆ ಓಡುತ್ತಿರುತ್ತದೆ. ಹೆಪಾ ತೊಳೆಯಿರಿ ಎಂದಿದ್ದರು ಒಬ್ಬರು. ಬೇಡ, ತೊಳೆಯಬಹುದು ಎಂದು ಬರೆದಿರದಿದ್ದರೆ ನೀರಿಗೆ ಅದು ಹಾಳಾಗುತ್ತದೆ. ಹೊರಗಿನ ಜಾಲರಿಗೆ ವ್ಯಾಕ್ಯೂಮ್ ಹಿಡಿದರೆ ಸಾಕು.