ಅಪ್‌ಡೇಟ್: ಟೆಮೊಜೊಲೊಮೈಡ್ ವಾಂತಿ ನಿಂತಿದೆ

ಗ್ಲಿಯೊಬ್ಲಾಸ್ಟೊಮಾ (ಮೆದುಳಿನ ಕ್ಯಾನ್ಸರ್) ಆಪರೇಷನ್, ರೇಡಿಯೇಷನ್ ಎಲ್ಲಾ ಮುಗಿದು, 28 ದಿನಕ್ಕೊಮ್ಮೆ 5 ದಿನ ನುಂಗೋ ಕೀಮೋ ಕ್ಯಾಪ್ಸೂಲ್ ಟೆಮೊಜೊಲೊಮೈಡ್ ಶುರುವಾದ ಮೇಲೆ ಅಪ್ಪನಿಗೆ ವಿಪರೀತ ವಾಂತಿ, ಏನ್ಮಾಡೋದು ಅಂತ ಇಲ್ಲಿ ಕೇಳಿದ್ದೆ. ಈ ಸಲದ ಐದೂ ದಿನ ವಾಂತಿಯಿಲ್ಲದೆ ಕಳೀತು.

ಕೈಹಿಡಿದಿದ್ದು, ಮಾತ್ರೆಯನ್ನ ರಾತ್ರಿಗೆ ಹಾಕಿ ಅಂದವರ ಸಲಹೆ. ಡಾಕ್ಟರ್ ಕೂಡ ಒಪ್ಪಿದ್ರು. 7 ಗಂಟೆಗೆ ಹಗುರವಾದ ಊಟ, 9ಕ್ಕೆ ವಾಂತಿ ತಡೆಯೋ ಆಂಡಾನ್‌ಸೆಟ್ರಾನ್, 10ಕ್ಕೆ ಖಾಲಿ ಹೊಟ್ಟೇಲಿ ಕ್ಯಾಪ್ಸೂಲ್, ಒಂದು ಲೋಟ ನೀರು, ಆಮೇಲೆ ನಿದ್ದೆ. 100 ಮತ್ತು 20 ಮಿಲಿಗ್ರಾಂ ಬೇರೆಬೇರೆ ಬರುತ್ತವಲ್ಲ, ಸಂಜೆಯೇ ಎಣಿಸಿ ಒಂದು ಡಬ್ಬೀಲಿ ಇಟ್ಟುಬಿಡಿ. ಒಂದು ವೇಳೆ ವಾಂತಿ ಆದ್ರೂ ಅವತ್ತು ಮತ್ತೆ ಕೊಡೋ ಹಾಗಿಲ್ಲ.

ಶುಂಠಿ ಕಷಾಯ, ನಿಂಬೆಹಣ್ಣು ಮೂಸೋದು ನಡೀಲಿಲ್ಲ. ಕ್ಯಾಪ್ಸೂಲ್ ಬಿಚ್ಚಿ ಮೊಸರನ್ನದಲ್ಲಿ ಕಲಸಿ ಅಂತ ಇಲ್ಲಿ ಕೆಲವರು ಅಂದಿದ್ರಲ್ಲ, ಅದನ್ನ ದಯವಿಟ್ಟು ಯಾರೂ ಮಾಡಬೇಡಿ. ಆ ಪುಡಿ ಚರ್ಮಕ್ಕೂ ಮೂಗಿಗೂ ತಾಗಬಾರದು.

ಗೊತ್ತೇ ಇರದ ಸಂಗತಿ: ಆಂಡಾನ್‌ಸೆಟ್ರಾನ್‌ನಿಂದ ಮಲಬದ್ಧತೆ ಜೋರಾಗುತ್ತೆ. ವಾಂತಿ ನಿಂತ್ರೂ ಹೊಟ್ಟೆ ಕಲ್ಲಾಗಿ ಊಟ ಸೇರಲ್ಲ. ಹಾಗಾಗಿ ಮೊದಲ ದಿನದಿಂದಲೇ ರಾತ್ರಿ ಮಲ ಸಡಿಲಿಸೋ ಲ್ಯಾಕ್ಟುಲೋಸ್ ಬರೆದುಕೊಟ್ರು.

ಇನ್ನೊಂದು, ಪ್ಲೇಟ್‌ಲೆಟ್ ಇಳಿಯೋದು ಮಾತ್ರೆ ನುಂಗೋ ವಾರದಲ್ಲಲ್ಲ, ಮೂರನೇ-ನಾಲ್ಕನೇ ವಾರದಲ್ಲಿ. ಆರಾಮಾಗಿದ್ದಾರಲ್ಲ ಅಂತ, ಮಾತ್ರೆ ಶುರುಮಾಡಿದ ದಿನದಿಂದ ಎಣಿಸಿ 22ನೇ ದಿನದ ರಕ್ತಪರೀಕ್ಷೆ ತಪ್ಪಿಸಬೇಡಿ. ಜ್ವರ 100.4 ದಾಟಿದ್ರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯೋದಲ್ಲ, ಸೀದಾ ಆಸ್ಪತ್ರೆ.