ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ

“ಬೆಣ್ಣೆ ಕಣ್ರೋ, ಬೆಣ್ಣೆ!” ಅಂತ ಕೂಗುತ್ತಲೇ ಸುಬ್ಬು ಒಳಗೆ ಬಂದ. ಮೊಣಕೈವರೆಗೂ ಎಣ್ಣೆ. ಅವನ ಜೊತೆಯಲ್ಲೇ ಗಂಧಕದ ವಾಸನೆಯೂ ಒಳಗೆ ಬಂತು.

ಶಾಮಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. “ಇದು ಎಷ್ಟನೇ ಬೆಣ್ಣೆಯಪ್ಪಾ?”

“ಎಷ್ಟನೆಯದು ಅಂದ್ರೆ?”

“ಹೋದ ವರ್ಷ ಕಾರಿಗೆ ಒಂದು ಗೇರ್ ಎಣ್ಣೆ ಹಾಕಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇರು ಬೀಳುತ್ತೆ ಅಂದೆ. ಆರು ತಿಂಗಳ ಹಿಂದೆ ಇನ್ನೊಂದು ಹಾಕಿದೆ. ಆಗಲೂ ಅದೇ ಬೆಣ್ಣೆ, ಅದೇ ಕೂದಲು. ಇದು ಮೂರನೆಯದು. ಇಷ್ಟು ಹೊತ್ತಿಗೆ ಆ ಬೆಣ್ಣೆಯಲ್ಲಿ ಕೂದಲೇ ಉಳಿದಿರಬಾರದು.”

ಗುಂಡ ನಕ್ಕ. ಗುಂಡನದು ಆಟೋಮ್ಯಾಟಿಕ್ ಕಾರು. ಗೇರಿನ ಮಾತು ಬಂದಾಗಲೆಲ್ಲ ಅವನು, ಮದುವೆಯಾಗದವನು ಸಂಸಾರಸ್ಥರ ಜಗಳ ನೋಡುವ ಹಾಗೆ ನಗುತ್ತಾ ಕೂರುತ್ತಾನೆ.

“ಹಿಂದಿನವು ಎರಡೂ ತಪ್ಪು ಎಣ್ಣೆ ಶಾಮಣ್ಣ,” ಅಂದ ಸುಬ್ಬು. “ಅವು ಜಿಎಲ್-5 ದರ್ಜೆಯವು. ಇದು ಜಿಎಲ್-4. ಪ್ರಸಾದನೇ ಹೇಳಿದ್ದು.”

ಪ್ರಸಾದನಿಗೆ ಇಷ್ಟೇ ಸಾಕಾಗಿತ್ತು. ಕುರ್ಚಿ ಮುಂದಕ್ಕೆ ಎಳೆದುಕೊಂಡ. “ನೋಡಿ, ಜಿಎಲ್-5 ಎಣ್ಣೆಯಲ್ಲಿ ಗಂಧಕ, ರಂಜಕ ಎಲ್ಲ ಜಾಸ್ತಿ ಇರುತ್ತೆ. ಹಲ್ಲಿಗೆ ಹಲ್ಲು ಉಜ್ಜುವ ಕಡೆ ಅದು ಪೊರೆ ಕಟ್ಟುತ್ತೆ. ಹಿಂದಿನ ಚಕ್ರ ತಿರುಗಿಸೋ ಡಿಫರೆನ್ಷಿಯಲ್‌ಗೆ ಅದು ಬೇಕೇ ಬೇಕು. ಆದರೆ ಗೇರ್‌ಬಾಕ್ಸ್ ಒಳಗೆ ಸಿಂಕ್ರೊ ರಿಂಗ್ ಅಂತ ಇದೆ, ಹಿತ್ತಾಳೆಯದು. ಅದಕ್ಕೆ ಹಿಡಿತ ಬೇಕು. ಎಣ್ಣೆ ಅತಿಯಾಗಿ ಜಾರಿದರೆ ರಿಂಗ್ ಹಿಡಿಯೋದೇ ಇಲ್ಲ.”

“ನನಗೆ ಅರ್ಥವಾಗುವ ಹಾಗೆ ಹೇಳಯ್ಯ,” ಅಂದ ಗುಂಡ.

ಪೇಪರ್ ಮಡಿಸಿಟ್ಟು ಶಾಮಣ್ಣ ಹೇಳಿದರು. “ಹೊರಟ ಬಸ್ಸು ಹತ್ತೋನು ಏನು ಮಾಡ್ತಾನೆ? ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡ್ತಾನೆ. ಬಸ್ಸಿನ ವೇಗ, ಇವನ ವೇಗ ಒಂದಾದಾಗ ಹತ್ತುತ್ತಾನೆ. ಸಿಂಕ್ರೊ ರಿಂಗ್ ಅಂದ್ರೆ ಆ ನಾಲ್ಕು ಹೆಜ್ಜೆ. ನೆಲ ಜಾರಿದರೆ ಓಡೋಕಾಗಲ್ಲ. ಕೆಸರು ತುಂಬಿದ್ದರೂ ಓಡೋಕಾಗಲ್ಲ. ಬೆಳಗಿನ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿರುತ್ತಲ್ಲ, ಅದೇ ಕೆಸರು. ಅದಕ್ಕೇ ಎರಡನೇ ಗೇರು ಬೆಳಿಗ್ಗೆ ಕರಕ್ ಅನ್ನೋದು.”

“ಅಂದ್ರೆ ಎಣ್ಣೆ ಎಲ್ಲ ಕಡೆ ಜಾರಬೇಕು, ರಿಂಗಿನ ಹತ್ತಿರ ಮಾತ್ರ ಜಾರಬಾರದು. ಇದು ಎಣ್ಣೆಯ ಕೆಲಸವೋ, ಮನೆ ಅಳಿಯನ ಕೆಲಸವೋ?” ಅಂದ ಗುಂಡ.

“1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊಮೆಶ್, ಅಂದ್ರೆ ವೇಗ ಹೊಂದಿಸೋ ಈ ಏರ್ಪಾಡು ಬಂತು,” ಅಂದರು ಶಾಮಣ್ಣ. “ಅಲ್ಲಿಯವರೆಗೆ ಜನ ಒಂದು ಗೇರಿಗೆ ಎರಡು ಸಲ ಕ್ಲಚ್ ತುಳೀತಿದ್ರು. ಗೇರು ಕಿರುಚಿದರೆ ತಮ್ಮ ಕಾಲನ್ನ ಬೈಕೋತಿದ್ರು. ಎಣ್ಣೆಯನ್ನ ಬೈಯೋದು ಈಗಿನವರು ಕಂಡುಹಿಡಿದದ್ದು. ಬರೀ ಬೈಗುಳವಾದ್ರೆ ಪರವಾಗಿಲ್ಲ, ಭಕ್ತಿಯೂ ಶುರುವಾಗಿದೆ. ಅವರು ಹೇಳಿದ ಎಣ್ಣೆ, ಇವರು ಹೇಳಿದ ಎಣ್ಣೆ, ಮೂರು ಎಣ್ಣೆ ಬೆರೆಸಿ ಒಂದು. ಅದು ಗೇರ್ ಎಣ್ಣೆಯೇನಯ್ಯ? ನಾಟಿ ಔಷಧಿ.”

ಮೂರು ಎಣ್ಣೆ ಬೆರೆಸುವ ಸಲಹೆ ಪ್ರಸಾದನದೇ. ಅವನು ಕಿಟಕಿಯ ಕಡೆ ನೋಡಿದ.

“ಅದಿರಲಿ, ಸುಬ್ಬು. ಕಾರಿನ ಜೊತೆ ಬಂದ ಪುಸ್ತಕ ನೋಡಿದೆಯಾ?” ಅಂದರು ಶಾಮಣ್ಣ.

“ಯಾವ ಪುಸ್ತಕ?”

“ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದೆ. ಹೋಗಿ ತಗೊಂಡು ಬಾ.”

ಸುಬ್ಬು ತಂದ. ಪ್ರಸಾದನೇ ಓದಿದ. ಮಾಜ್ದಾ ಎಂಎಕ್ಸ್-5, ಐದು ಗೇರಿನ ಪೆಟ್ಟಿಗೆ, 2 ಲೀಟರ್, 75ಡಬ್ಲ್ಯು-90. ಅಲ್ಲಿಗೆ ಅವನ ದನಿ ಇಳಿಯಿತು. “ಜಿಎಲ್-4... ಅಥವಾ ಜಿಎಲ್-5.”

“ಏನಂದೆ? ಕೇಳಿಸಲಿಲ್ಲ.”

“ಅಥವಾ.”

“ನೋಡಪ್ಪಾ. ಈ ಒಂದು ‘ಅಥವಾ’ ಓದದೆ ನೀವಿಬ್ಬರೂ ವರ್ಷವಿಡೀ ಎಣ್ಣೆ ಸೀಗೇಕಾಯಿ ಆಗಿದ್ರಿ.”

“ಪುಸ್ತಕ ಬರೆದದ್ದು ಹೊಸ ಕಾರಿಗೆ ಶಾಮಣ್ಣ,” ಅಂದ ಪ್ರಸಾದ. “ಈ ಮಾಡೆಲ್ ಬಂದದ್ದೇ 1989ರಲ್ಲಿ. ಇವನದು 1991ರದ್ದು. ಸವೆದ ರಿಂಗಿಗೆ ಜಿಎಲ್-4 ಒಳ್ಳೆಯದು ಅನ್ನೋದರಲ್ಲಿ ತಪ್ಪೇನಿದೆ?”

ತಪ್ಪಿಲ್ಲ. ಶಾಮಣ್ಣನೂ ಒಪ್ಪಿ ತಲೆಯಾಡಿಸಿದರು. ಪ್ರಸಾದನ ಮಾತಿನಲ್ಲಿ ಆಗಾಗ ಹೀಗೆ ಒಂದು ನಿಜ ಸಿಕ್ಕಿಬಿಡುತ್ತದೆ, ಅದೇ ತೊಂದರೆ.

“ನನಗೊಂದು ಅನುಮಾನ,” ಅಂದ ಗುಂಡ. “ಇಂಜಿನ್ ಎಣ್ಣೆ 40. ಇದು 90. ಅಂದ್ರೆ ಎರಡು ಪಟ್ಟು ದಪ್ಪ, ಅಲ್ವಾ?”

“ಅಲ್ಲ. ಅಳತೆಗೋಲೇ ಬೇರೆ. ಗೇರ್ ಎಣ್ಣೆಯ 90 ಅಂದ್ರೆ, ಬಿಸಿಯಾದಾಗ ಇಂಜಿನ್ ಎಣ್ಣೆಯ 40, 50 ಇರುವಷ್ಟೇ ದಪ್ಪ.”

“ಮತ್ತೆ ಡಬ್ಲ್ಯು? ತೂಕಾನಾ?”

“ಚಳಿಗಾಲ. ಇಂಗ್ಲಿಷಿನ ವಿಂಟರ್.”

“ಸುಮ್ನೆ ಚಳಿ ಅಂತ ಬರೆದಿದ್ದರೆ ಆಗ್ತಿತ್ತು,” ಅಂತ ಗುಂಡ ಗೊಣಗಿದ.

ಸುಬ್ಬುವಿಗೆ ತನ್ನ ಸಾಹಸವನ್ನು ಯಾರೂ ಕೇಳುತ್ತಿಲ್ಲವಲ್ಲ ಅಂತ ಬೇಜಾರು. ತಾನೇ ಶುರು ಮಾಡಿದ. ಮೊದಲ ಸಲ ಅವನು ಕೆಳಗಿನ ಬೋಲ್ಟು ಬಿಚ್ಚಿ ಹಳೇ ಎಣ್ಣೆ ಎಲ್ಲ ಇಳಿಸಿದ್ದ. ಆಮೇಲೆ ನೋಡಿದರೆ ತುಂಬುವ ಬೋಲ್ಟು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಇಳಿಸಿಯಾಗಿದೆ, ತುಂಬೋಕೆ ದಾರಿಯಿಲ್ಲ. ಕಾರು ಮೂರು ದಿನ ಗಾಳಿಯಲ್ಲೇ ನಿಂತಿತ್ತು. ತುಂಬುವ ಬೋಲ್ಟು ಬಿಚ್ಚುತ್ತೆ ಅಂತ ಖಾತ್ರಿಯಾದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಬೇಕು ಅನ್ನೋದು ಅವನಿಗೆ ಆಗ ಗೊತ್ತಾಯಿತು.

“ಈ ಸಲ ಎಲ್ಲ ಸರಿಯಾಗಿ ಮಾಡಿದೆ. ಕಾರು ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗೆ ಮಾಡಿದೆ. ಮಟ್ಟವಾಗಿ ಎತ್ತಿದೆ. ಕೆಳಗೆ ಮಲಗಿ ಬೋಲ್ಟು ತಿರುಗಿಸ್ತಿದ್ದೆ. ಸರ್ರ್ ಅಂತ ಮುಖದ ಮೇಲೇ ಬಂದುಬಿಡ್ತು. ಕಣ್ಣು ಮುಚ್ಚಿಕೊಂಡೆ, ಬಚಾವಾದೆ.”

“ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನ ಬಗ್ಗೆ ಗಾದೆಯಲ್ಲಿ ಕೇಳಿದ್ದೆ,” ಅಂದರು ಶಾಮಣ್ಣ. “ಇವತ್ತು ಆಸಾಮಿಯನ್ನೇ ನೋಡಿದ ಹಾಗಾಯಿತು. ಬೋಲ್ಟಿನ ಮ್ಯಾಗ್ನೆಟ್ ಮೇಲೆ ಏನಿತ್ತು?”

“ಬೂದು ಬಣ್ಣದ ಮೆತ್ತಗಿನ ಲೇಪ.”

“ಚೂರುಗಳು?”

“ಒಂದೂ ಇಲ್ಲ.”

“ಸದ್ಯ.” ಈ ಒಂದು ಮಾತಿನಲ್ಲಿ ಶಾಮಣ್ಣನ ದನಿ ಬೇರೆ ಇತ್ತು. ಹನ್ನೊಂದು ವರ್ಷದ ಹಿಂದೆ ಆ ಕಾರು ಅವರದೇ ಅಲ್ಲವೇ. “ಗೇರ್ ಲಿವರ್ ಬುಡ ಬಿಚ್ಚಿ ನೋಡಿದೆಯಾ?”

“ಓ, ಅದಾ? ರಬ್ಬರ್ ಬೂಟು ಎರಡೂ ಹರಿದು ಹೋಗಿದ್ವು. ಲಿವರ್ ತುದಿಯ ಬುಷ್ ಸವೆದು ಪುಡಿಯಾಗಿತ್ತು. ಆ ಗುಂಡಿಯಲ್ಲಿ ಬೇರೆ ಸ್ವಲ್ಪ ಎಣ್ಣೆ ಇರಬೇಕಂತೆ, 100 ಮಿಲಿಲೀಟರ್‌ಗಿಂತ ಕಡಿಮೆ. ಅದು ಒಣಗಿತ್ತು. ಎಲ್ಲ ಹೊಸದು ಹಾಕಿದೆ. ಹಾಂ, ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್ ಸೋರ್ತಿತ್ತು, ಅದನ್ನೂ ಬದಲಾಯಿಸಿದೆ.”

ಶಾಮಣ್ಣ ಸ್ವಲ್ಪ ಹೊತ್ತು ಸುಬ್ಬುವನ್ನೇ ನೋಡಿದರು.

“ಕ್ಲಚ್ ಪೂರ್ತಿ ಬಿಡ್ತಿರಲಿಲ್ಲ. ಲಿವರ್ ಬುಡ ಅಲ್ಲಾಡ್ತಿತ್ತು. ಇವೆರಡೂ ಸರಿಯಾದ ದಿನವೇ ಎಣ್ಣೆ ಹಾಕಿದೆ. ಗೇರು ಚೆನ್ನಾಗಿ ಬಿತ್ತು. ಅದಕ್ಕೆ ನೀನು ಎಣ್ಣೆಗೆ ಜೈಕಾರ ಕೂಗಿಕೊಂಡು ಬಂದೆ. ಮದುವೆಗೆ ದುಡಿದವರೆಲ್ಲ ಹಿಂದೆ, ಫೋಟೋದಲ್ಲಿ ಮುಂದೆ ನಿಂತದ್ದು ಈ ಎಣ್ಣೆ!”

“ಹಾಗಂತ ಎಣ್ಣೆ ಏನೂ ಮಾಡಿಲ್ಲ ಅಂತೀರಾ?” ಅಂದ ಪ್ರಸಾದ.

“ಎಲ್ಲಿ ಅಂದೆ? ಮಾಡಿರುತ್ತೆ, ಅದರ ಪಾಲಿನದು. ಈಗ ಸುಬ್ಬು ಬೆಣ್ಣೆ ಬೆಣ್ಣೆ ಅಂತಿರೋದು ಬಿಸಿ ಗೇರ್‌ಬಾಕ್ಸಿನ ಮಾತು. ಬಿಸಿಯಲ್ಲಿ ಯಾವ ಎಣ್ಣೆಯಾದರೂ ಬೆಣ್ಣೆಯೇ. ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀನಿ. ಸ್ಟಾರ್ಟ್ ಮಾಡಿರಬೇಡ.”

ಮಾರನೇ ಬೆಳಿಗ್ಗೆ ಎಲ್ಲರೂ ಬಂದಿದ್ದರು. ಎರಡೇ ಸೀಟಿನ ಕಾರು, ಗುಂಡ ಮತ್ತು ಪ್ರಸಾದ ಗೇಟಿನ ಹತ್ತಿರ ನಿಂತರು. ಸುಬ್ಬು ಕೀಲಿ ಕೊಟ್ಟ. ಶಾಮಣ್ಣ ಬಾಗಿಲು ಹಿಡಿದು, ಮೊದಲು ಒಂದು ಕಾಲು, ಆಮೇಲೆ ಸೊಂಟ, ಆಮೇಲೆ ಕೈಯಿಂದಲೇ ಎತ್ತಿ ಇನ್ನೊಂದು ಕಾಲು, ಹೀಗೆ ಕಂತಿನಲ್ಲಿ ಒಳಗೆ ಇಳಿದರು. ಕಾರು ಸುಬ್ಬುವಿಗೆ ಹೋದದ್ದು ಈ ಮೊಣಕಾಲಿನಿಂದಲೇ. ಅವತ್ತು ಕೀಲಿ ಕೊಡುವಾಗ ಒಂದೇ ಮಾತು ಹೇಳಿದ್ದರು. ಬೆಳಗಿನ ಹೊತ್ತು ಒಂದರಿಂದ ಎರಡಕ್ಕೆ ಹೋಗುವಾಗ ನ್ಯೂಟ್ರಲ್‌ನಲ್ಲಿ ನಿಂತು ಮನಸ್ಸಿನಲ್ಲೇ ‘ರಾಮಾ’ ಅನ್ನು, ಆಮೇಲೆ ಎಳಿ. ರಿಂಗ್‌ಗೆ ಆ ನಾಲ್ಕು ಹೆಜ್ಜೆ ಓಡೋಕೆ ಅಷ್ಟು ಹೊತ್ತು ಬೇಕು.

ಕಾರು ಹೊರಟಿತು. ಎರಡನೇ ಗೇರಿಗೆ ಎಳೆಯುವಾಗ ಶಾಮಣ್ಣನ ಕೈ ನಡುವೆ ನಿಂತಿತು. ತುಟಿ ಅಲ್ಲಾಡಿತು. ಗೇರು ಬಿತ್ತು. ಸದ್ದೇ ಇಲ್ಲ.

“ಈಗ ಅದು ಬೇಕಿಲ್ಲ ಶಾಮಣ್ಣ. ನೇರವಾಗಿ ಎಳೀರಿ.”

ಮುಂದಿನ ತಿರುವಿನಲ್ಲಿ ನಿಂತು ಹೊರಡಬೇಕಾಯಿತು. ಒಂದು, ಆಮೇಲೆ ಎರಡು. ಕೈ ಮತ್ತೆ ನಡುವೆ ನಿಂತಿತು.

“ಬೇಕಿಲ್ಲ ಅಂದ್ನಲ್ಲ!”

“ಅದನ್ನ ಈ ಕೈಗೆ ಹೇಳು,” ಅಂದರು ಶಾಮಣ್ಣ.

ವಾಪಸ್ ಬರುವಾಗ ಸುಬ್ಬು ಓಡಿಸಿದ. ಒಂದರಿಂದ ಎರಡಕ್ಕೆ ಎಳೆಯುವಾಗ ಅವನ ಕೈಯೂ ನಡುವೆ ನಿಂತಿತು. ಶಾಮಣ್ಣ ಏನೂ ಅನ್ನಲಿಲ್ಲ. ಆ ಕಡೆ ತಿರುಗಿ ರಸ್ತೆ ಬದಿಯ ಮರಗಳನ್ನು ನೋಡುತ್ತಾ ಕೂತರು.